ವ್ಯಾನಿನ ಕೆಳಗೆ

ಹಲ್ ಅಂದರೆ ನಮ್ಮ ಚಿಕ್ಕಮ್ಮ ಇನ್ನೂ ಹಲ್ಲುನೋವೇ ಅನ್ನುತ್ತಾಳೆ.
ಊರು ಅದು. ಅಲ್ಲಿನ ಕಾಲೇಜಿನ ಮೂರನೇ ಮಹಡಿಯಲ್ಲಿ
ಒಂದು ಬೀದಿ ಇದೆ. ಅಂದರೆ,
ಕಣ್ಣಿಗೆ ಡಬ್ಬಿ ಕಟ್ಟಿಕೊಂಡವರಿಗೆ ಇದೆ,
ಪಕ್ಕದಲ್ಲಿ ವೈರು ಹಿಡಿದು ನಿಂತ ನನಗೆ ಇಲ್ಲ.

ನನ್ನ ಕೆಲಸ ಇಷ್ಟೇ: ಗಾಜು ಒರೆಸುವುದು,
ತಲೆಯ ಅಳತೆಗೆ ಪಟ್ಟಿ ಬಿಗಿಯುವುದು,
ನಡೆಯುವವರು ಗೋಡೆಗೆ ಹಾಯದ ಹಾಗೆ
ಸೈಕಲ್ ಕಲಿಸುವ ಅಕ್ಕನಂತೆ ಹಿಂದೆ ಹಿಂದೆ ಸುಳಿಯುವುದು,
ಮುಗಿದ ಮೇಲೆ ಹತ್ತು ಪೌಂಡು, ಒಂದು ಬಿಸ್ಕತ್ತು ಕೊಟ್ಟು ಕಳಿಸುವುದು.

ಪರದೆಯ ಮೇಲೆ ಯಂತ್ರ ಮೊದಲೇ ಬಣ್ಣ ಬಳಿದಿರುತ್ತದೆ:
ಇಲ್ಲಿ ನೋಡುತ್ತಾರೆ, ಕೆಂಪು.
ಇಲ್ಲೂ ನೋಡಬಹುದು, ಅರಿಶಿನ.
ಇತ್ತ ಯಾರೂ ತಿರುಗುವುದಿಲ್ಲ, ನೀಲಿ.
ಬೇಕರಿಯ ಬೋರ್ಡು ಕೆಂಪು. ಎದುರು ಬರುವ ಮುಖ ಕೆಂಪು.
ತಿರುವು ಬಂದರೆ ಕಾಲಿಗಿಂತ ಮೊದಲು ಕಣ್ಣು ತಿರುಗುತ್ತದೆ,
ಅದೂ ಅದಕ್ಕೆ ಗೊತ್ತು; ಅರ್ಧ ಸೆಕೆಂಡು ಮುಂಚೆಯೇ
ಬಣ್ಣ ಹೋಗಿ ಮೂಲೆಯಲ್ಲಿ ಕಾದು ಕೂತಿರುತ್ತದೆ.
ನಲವತ್ತಾರು ಜನ ಬಂದರು.
ಹೇಳಿಸಿಕೊಂಡು ಬಂದವರ ಹಾಗೆ ಅಲ್ಲಲ್ಲೇ ನೋಡಿ ಹೋದರು.

ಇದರಲ್ಲೇನು ಹೆಚ್ಚುಗಾರಿಕೆ ಅಂದುಕೊಂಡೆ.
ಸಿಂಧನೂರಿನ ಮೇಸ್ತ್ರಿ ಮೌಲಾಸಾಬ
ಕಟ್ಟುತ್ತಿದ್ದ ಮನೆಗೆ ಮೀಸೆ ಬರೆದ ಕುಂಬಳಕಾಯಿ ಎಲ್ಲಿ ತೂಗಬೇಕೆಂದು
ರಸ್ತೆಯಾಚೆ ನಿಂತು, ಒಂದು ಕಣ್ಣು ಮುಚ್ಚಿ,
ಬೀಡಿಯ ತುದಿಯಿಂದ ಗಾಳಿಯಲ್ಲಿ ಗುರುತು ಹಾಕುತ್ತಿದ್ದ:
"ಬರೋರ ಕಣ್ಣು ಮೊದ್ಲ ಇಲ್ಲೇ ಬೀಳ್ತಾವ."
ತಪ್ಪಿದ್ದಿಲ್ಲ ಒಮ್ಮೆಯೂ.

ನಲವತ್ತೇಳನೆಯವಳು ಎನಿಡ್ ಬ್ಲೆಂಕಿನ್.
ಎಪ್ಪತ್ತಮೂರು. ಮೊಣಕಾಲಿಗೆ ಪಟ್ಟಿ, ಕೈಚೀಲದಲ್ಲಿ ಪೆಪ್ಪರ್‌ಮಿಂಟು.
ಡಬ್ಬಿ ಕಟ್ಟಿದೆ. ಬೀದಿ ತೆರೆಯಿತು. ನಡೆದಳು.
ಬೇಕರಿ ನೋಡಲಿಲ್ಲ. ಮುಖಗಳನ್ನು ನೋಡಲಿಲ್ಲ.
ತಿರುವಿನಲ್ಲಿ ಕಾದು ಕೂತ ಕೆಂಪು ಕೂತಲ್ಲೇ ಆರಿತು.
ಅವಳ ಕಣ್ಣಿನ ಚುಕ್ಕಿ ಕೆಳಗೆ, ನೆಲಕ್ಕಂಟಿ,
ನಿಂತ ವ್ಯಾನಿನ ಗಾಲಿಗಳ ನಡುವಿನ ಕತ್ತಲಲ್ಲಿ,
ಆಮೇಲೆ ಕಾರು, ಮತ್ತೆ ಇನ್ನೊಂದು ವ್ಯಾನು,
ನೀಲಿಯಲ್ಲಿ, ಬರೀ ನೀಲಿಯಲ್ಲಿ.

ಪಟ್ಟಿ ಸಡಿಲಿಸಿ ಕೇಳಿದೆ: ಏನಾದರೂ ಬಿದ್ದಿತ್ತಾ ಅಲ್ಲಿ?
"ಕಾಲು," ಅಂದಳು. "ಕಾಲು ಹುಡುಕ್ತಿದ್ದೆ ಕಣಮ್ಮ."

ಹೆಸಲ್ ರಸ್ತೆಯ ಶಾಲೆಯೆದುರು ಇಪ್ಪತ್ತೊಂಬತ್ತು ವರ್ಷ
ಕೋಲಿಗೆ ಸಿಕ್ಕಿಸಿದ ದುಂಡು ಫಲಕ ಹಿಡಿದು
ಮಕ್ಕಳನ್ನು ದಾಟಿಸಿದವಳು.
ದೊಡ್ಡವರು ಬರುವುದು ಕಾಣಿಸುತ್ತದೆ. ಮಕ್ಕಳು ಬರುವುದಿಲ್ಲ,
ವ್ಯಾನಿನ ಮರೆಯಿಂದ ಒಮ್ಮೆಗೇ ಹುಟ್ಟುತ್ತಾರೆ.
ಹುಟ್ಟುವ ಮೊದಲು ಕೆಳಗೆ ಬೂಟು ಕಾಣುತ್ತದೆ,
ಅರೆಗಳಿಗೆ, ಅಷ್ಟೇ.
"ಒಂದು ಸಲ ನೋಡಿರಲಿಲ್ಲ," ಅಂದಳು.
ಆಮೇಲೆ ಪೆಪ್ಪರ್‌ಮಿಂಟಿನ ಕಾಗದ ಬಿಡಿಸುತ್ತ
ಬಹಳ ಹೊತ್ತು ಕೂತಳು.
ನಾನು ಕೇಳಲಿಲ್ಲ.

ನಮ್ಮ ಬೀದಿಯಲ್ಲಿ ಮಕ್ಕಳೇ ಇಲ್ಲವಲ್ಲ, ಆಗ ಹೊಳೆಯಿತು.
ಮಾಡಿದವರು ಮರ ಇಟ್ಟಿದ್ದರು, ಪಾರಿವಾಳ ಇಟ್ಟಿದ್ದರು,
ಬೇಕರಿಯ ಕಿಟಕಿಯಲ್ಲಿ ಬನ್ನಿನ ಮೇಲೆ ಸಕ್ಕರೆ ಕೂಡ.

ಸಂಜೆ ಡಾಕ್ಟರ್ ಪ್ರಿಂಗಲ್ ತೆರೆ ನೋಡಿ ಹೇಳಿದರು,
"ಒಂದೇ ಒಂದು ಜೊತೆ ಕಣ್ಣು, ಇಡೀ ಲೆಕ್ಕ ಕೆಡಿಸುತ್ತದೆ. ತೆಗೆದುಬಿಡು."
ತೆಗೆಯುವ ಮೊದಲು ಕಂಪ್ಯೂಟರು ಕೇಳುತ್ತದೆ, ಖಚಿತವೇ ಅಂತ.
ಕೇಳಿತು.
ಚಹಾ ಆರುವವರೆಗೆ ಕೂತಿದ್ದು, ಒತ್ತಿದೆ.
ಲೆಕ್ಕ ಸರಿಹೋಯಿತು.

ಹೊರಗೆ ಐದಕ್ಕೇ ಕತ್ತಲು. ಹಂಬರ್ ಕಡೆಯಿಂದ ಉಪ್ಪುಗಾಳಿ.
ಬೆವರ್ಲಿ ರಸ್ತೆಯುದ್ದಕ್ಕೂ ನಿಂತ ಗಾಡಿಗಳು.
ಬೀಗದಕೈ ಬೀಳಿಸಿಕೊಂಡವಳ ಹಾಗೆ ಬಾಗಿದೆ.
ಗಾಲಿಗಳ ಆಚೆ ಒದ್ದೆ ಎಲೆ, ಬೀದಿದೀಪದ ಒಂದು ಚೂರು,
ಬೆಕ್ಕು.
ಅದು ನನ್ನನ್ನೇ ನೋಡುತ್ತಿತ್ತು,
ಇವಳು ಇಲ್ಲಿ ಬಾಗುತ್ತಾಳೆಂದು
ಮೊದಲೇ ಗೊತ್ತಿದ್ದ ಹಾಗೆ.